ನೂರ ನಲವತ್ತೆರಡನೇ ಕಿಲೋಮೀಟರ್

ನಮ್ಮ ಲೈನಿನ ನಿಲ್ದಾಣಗಳಿಗೆ ಇಲಾಖೆ ಹೆಸರಿಡಲಿಲ್ಲ,
ಬರೀ ದೂರ ಬರೆದು ಕೈತೊಳೆದುಕೊಂಡಿತು.
ಉರಲ್ ಬೆಟ್ಟದ ಪಡುವಣ ಮಗ್ಗುಲಲ್ಲಿ
ಒಂದು ಸಿಮೆಂಟು ಕಟ್ಟೆ, ಒಂದು ನೀಲಿ ತಗಡು,
ತಗಡಿನ ಮೇಲೆ: ೧೧೮ ಕಿ.ಮೀ.
ಆಮೇಲೆ ಬರ್ಚ್ ಮರಗಳು. ಆಮೇಲೆ ಮತ್ತೂ ಬರ್ಚ್ ಮರಗಳು.
ಆಮೇಲೆ ೧೨೬.

ಹತ್ತೊಂಬತ್ತು ವರ್ಷ ಈ ಬೋಗಿಗಳಲ್ಲಿ
ಟಿಕೆಟು ಹರಿಯುತ್ತಾ ನಡೆದಿದ್ದೇನೆ,
ಒಬ್ಬಳನ್ನು ಬಿಟ್ಟರೆ ಯಾರೂ ನನಗೆ ಅಂಕಿ ಹೇಳಿದವರಲ್ಲ.
"ಸೊಳ್ಳೆಗೆ ಒಂದು ಕೊಡಮ್ಮ."
"ಸಾಲಕ್ಕೆ ಎರಡು, ಒಂದು ಅರ್ಧ."
ಸಾಲ ಅಂದರೆ ೧೩೧: ಅಲ್ಲೊಂದು ಅಂಗಡಿಯಿತ್ತು,
ಅಂಗಡಿಯವನು ಗೋಡೆಯ ಮೇಲೆ ಲೆಕ್ಕ ಬರೆಯುತ್ತಿದ್ದ,
ಗೋಡೆ ಬಿದ್ದ ದಿನ ಊರಿಗೆ ಊರೇ ಋಣಮುಕ್ತ.
೧೩೭ಕ್ಕೆ ಸುಳ್ಳು, ಅಲ್ಲಿಯ ಗಡಿಯಾರದ ದೆಸೆಯಿಂದ.
೧೨೬ಕ್ಕೆ ಮೂರು ಷಡ್ಡಕರು ಅಂತ ಯಾಕೆ ಅನ್ನುತ್ತಾರೋ
ಅದು ಮಾತ್ರ ತಿಳಿಯದು. ಕೇಳಿದರೆ ನಗುತ್ತಾರೆ.

೧೪೨ಕ್ಕೆ ಉಪ್ಪಿನಕಾಯಿ.

ಅದು ಫೈನಾ ಅರ್ಖಿಪೊವ್ನಾಳ ಗ್ರಹಚಾರ.
ಯಾವ ಕಾಲದ್ದೋ ಒಂದು ಸೆಪ್ಟೆಂಬರ್, ಸಂಜೆಯ ಗಾಡಿ,
ಎರಡೂ ಕೈಯಲ್ಲಿ ತಬ್ಬಿದ ಎನಾಮಲ್ ಬಕೆಟ್ಟು,
ಬಕೆಟ್ಟಿನ ತುಂಬ ಬೆಳ್ಳುಳ್ಳಿ, ಸಬ್ಬಸಿಗೆ ಹೂವು,
ಉಪ್ಪುನೀರಲ್ಲಿ ಮುಳುಗಿದ ಎಳೆ ಸೌತೆ.
ಬಾಗಿಲು ತೆರೆಯಿತು. ಅವಳು ಕಾಲಿಟ್ಟಳು.
ಬಾಗಿಲು ಮನಸ್ಸು ಬದಲಾಯಿಸಿತು.

ಮೂರನೇ ಬೋಗಿಯಿಂದ ಕಟ್ಟೆಯ ತುದಿಯವರೆಗೂ
ಸೌತೆಕಾಯಿ ಉರುಳಿದವು,
ಉಪ್ಪುನೀರು ಒಬ್ಬ ಸಿಪಾಯಿಯ ಬೂಟಿನೊಳಗಿಳಿಯಿತು,
ಯಾರೋ ಅಂದರು, ಯಾರೆಂದು ಈಗ ಯಾರಿಗೂ ನೆನಪಿಲ್ಲ,
"ಇಳೀರಪ್ಪ, ಉಪ್ಪಿನಕಾಯಿ ಬಂತು."

ಮುಗಿಯಿತು. ಹಿಮ ಬೀಳುವುದರೊಳಗೆ
ಹಾಲಿನ ಲಾರಿಯವನಿಗೂ ಗೊತ್ತು, ಪಾದ್ರಿಗೂ ಗೊತ್ತು.

ಇಪ್ಪತ್ತೆರಡು ವರ್ಷ ರಸಾಯನಶಾಸ್ತ್ರ ಕಲಿಸಿದವಳು ಅವಳು,
ಒಂದು ಸೂತ್ರ ನೆನಪಿಡದ ಊರು ಇದನ್ನು ನೆನಪಿಟ್ಟಿತು.
ಇಲಾಖೆಗೆ ಬರೆದಳು: ಮರ್ಯಾದೆಯ ಹೆಸರೊಂದು ಕೊಡಿ,
ಹೊಳೆಯದ್ದಾದರೂ ಸರಿ, ಸತ್ತವರದ್ದಾದರೂ ಸರಿ.
ಏಳು ತಿಂಗಳಿಗೆ ಉತ್ತರ ಬಂತು, ಮೊಹರು ಸಮೇತ:
೧೪೨ನೇ ಕಿಲೋಮೀಟರು ೧೪೨ನೇ ಕಿಲೋಮೀಟರಿನಲ್ಲೇ ಇದೆಯೆಂದು
ಪರಿಶೀಲಿಸಿ ದೃಢಪಡಿಸಲಾಗಿದೆ.

ಹಳಿ ಉದ್ದಕ್ಕೆ ಓಡುತ್ತದೆ, ಎಲ್ಲರ ಕಣ್ಣೂ ಅದರ ಮೇಲೆ.
ಕೆಳಗೆ ಅಡ್ಡ ಮಲಗಿದ ಟಾರು ಮೆತ್ತಿದ ದಿಮ್ಮಿಗಳು
ಹಿಡಿದುಕೊಂಡಿರದಿದ್ದರೆ ಗಾಡಿ ಎಲ್ಲಿ?
ಅಡ್ಡಹೆಸರೂ ಹಾಗೇ, ಅಂದೆ ಒಮ್ಮೆ ಅವಳಿಗೆ.
"ದಿಮ್ಮಿಯಾಗಿ ನೀನು ಮಲಗಿ ನೋಡು," ಅಂದಳು.

ಹೋದ ಜನವರಿ, ರಾತ್ರಿ, ಮೆಟ್ಟಿಲ ಮೇಲೆ ಮಂಜುಗಡ್ಡೆ.
ಬಿದ್ದಳು. ಸೊಂಟ ಅಲ್ಲಾಡಲಿಲ್ಲ. ಜೇಬಿನಲ್ಲಿ ಫೋನು.
ಎಲ್ಲೋ ದೂರದ ನಗರದಲ್ಲಿ ಕೂತ ಆಂಬುಲೆನ್ಸಿನ ಹುಡುಗಿ
"ವಿಳಾಸ ಹೇಳಿ" ಅಂದಳಂತೆ.
"ನೂರ ನಲವತ್ತೆರಡನೇ ಕಿಲೋಮೀಟರ್, ಮೂರನೇ ಸಾಲು."
"ಹೆದ್ದಾರಿಯದ್ದೋ? ರೈಲಿನದ್ದೋ? ಯಾವ ಕಡೆಯಿಂದ ಎಣಿಸಬೇಕು?"
ಫೋನಿನಲ್ಲಿ ಬರೀ ಉಸಿರು.
ಆಮೇಲೆ, ತನ್ನ ಹಲ್ಲು ತಾನೇ ಕೀಳುವವಳ ಹಾಗೆ,
"ಉಪ್ಪಿನಕಾಯಿ."

ಹುಡುಗಿಗೆ ಅರ್ಥವಾಗಲಿಲ್ಲ, ಆದರೂ ಡ್ರೈವರಿಗೆ ದಾಟಿಸಿದಳು.
ಅವನು ಆಗಲೇ ಗಾಡಿ ತಿರುಗಿಸಿದ್ದ:
"ಗೊತ್ತು, ಗೊತ್ತು, ನಮ್ಮ ಅತ್ತೆ ಇಳಿಯೋದೇ ಅಲ್ಲಿ."

ಮೇ ತಿಂಗಳಲ್ಲಿ ಊರುಗೋಲೂರಿ ಮತ್ತೆ ಗಾಡಿ ಹತ್ತಿದಳು.
ಚೀಲದಿಂದ ಸಬ್ಬಸಿಗೆಯ ವಾಸನೆ.
ಗೊತ್ತಿದ್ದೂ ಕೇಳಿದೆ: ಎಲ್ಲಿಗೆ?
ಕಿಟಕಿಯಾಚೆ ಬರ್ಚ್ ಮರಗಳನ್ನು ಬಹಳ ಹೊತ್ತು ನೋಡಿ
"ನೂರ ನಲವತ್ತೆರಡು" ಅಂದಳು. ಕೊಟ್ಟೆ.

ನನಗೂ ಒಂದು ಇಟ್ಟಿದ್ದಾರಂತೆ.
ನಾನು ಬೋಗಿ ಹೊಕ್ಕರೆ ಮಾತು ಅರ್ಧಕ್ಕೇ ನಿಲ್ಲುತ್ತದೆ,
ಒಬ್ಬ ಕೆಮ್ಮುತ್ತಾನೆ, ಮಕ್ಕಳು ಬಾಯಿಗೆ ಕೈಗವಸು ಒತ್ತಿಕೊಳ್ಳುತ್ತಾರೆ.
ಏನು ಅಂತ ಫೈನಾಗೆ ಗೊತ್ತು. ಕೇಳಿದೆ.
"ಎಲ್ಲಾದರೂ ಬಿದ್ದಾಗ ಹೇಳ್ತೀನಿ," ಅಂದಳು.